‘ಹಾಕ್‌ಐ’ ಸಂಪುಟದ ಬಗ್ಗೆ ಓದುಗರು ಏಕೆ ಒಮ್ಮತಕ್ಕೆ ಬರುವುದಿಲ್ಲ?

ಪ್ರಶ್ನೆ: ಹೊರದೇಶದಲ್ಲಿರುವ ನನ್ನ ತಮ್ಮ ಊರಿಗೆ ಬಂದಾಗ ‘ಹಾಕ್‌ಐ’ ಎಂಬ ಬಿಲ್ಲುಗಾರನ ಕಾಮಿಕ್ಸ್‌ನ ಮೊದಲ ಸಂಪುಟವನ್ನು ತಂದುಕೊಟ್ಟ. ನಾನು ಬಾಲಮಂಗಳ, ಅಮರ ಚಿತ್ರ ಕಥೆ ಓದಿ ಬೆಳೆದವಳು. ಅಮೆರಿಕದ ಸೂಪರ್‌ಹೀರೊಗಳ ಪರಿಚಯವಾದದ್ದು ಸಿನಿಮಾದಿಂದ ಮಾತ್ರ. ಮೊದಲ ಮೂರು ಕಥೆಗಳು ಬಹಳ ಹಿಡಿಸಿದವು. ಆಮೇಲೆ ಚಿತ್ರದ ಶೈಲಿಯೇ ಬದಲಾಯಿತು, ಕೊನೆಯ ಕಥೆಯಂತೂ ಬೇರೆ ಯಾವುದೋ ಪುಸ್ತಕದ್ದೆಂಬಂತೆ ಕಂಡಿತು. ಓದಿದವರ ಅಭಿಪ್ರಾಯಗಳನ್ನು ನೋಡಿದರೆ ಕೆಲವರು ಇದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ, ಕೆಲವರು ತಲೆಬುಡವಿಲ್ಲದ್ದು ಎನ್ನುತ್ತಾರೆ. ಯಾರ ಮಾತನ್ನು ನಂಬಬೇಕು? ಮುಂದಿನ ಸಂಪುಟಗಳನ್ನು ಕೊಳ್ಳಬಹುದೆ? ಹದಿನಾಲ್ಕು ವರ್ಷದ ಮಗನಿಗೆ ಓದಲು ಕೊಡಬಹುದೆ?

ಉತ್ತರ: ಶೈಲಿ ಬದಲಾಯಿತೆಂದು ನಿಮಗೆ ಅನ್ನಿಸಿದ್ದೂ, ಕೊನೆಯ ಕಥೆ ಬೇರೆ ಪುಸ್ತಕದ್ದೆಂದು ತೋರಿದ್ದೂ ನಿಮ್ಮ ಕಣ್ಣಿನ ತಪ್ಪಲ್ಲ. ಎರಡೂ ನಿಜ. ನಿಮ್ಮ ಕೈಯಲ್ಲಿರುವುದು ‘ಮೈ ಲೈಫ್ ಆಸ್ ಎ ವೆಪನ್’ ಎಂಬ ಹೆಸರಿನ ಸಂಪುಟ. ಮಾರ್ವೆಲ್ ಸಂಸ್ಥೆ 2012ರ ಆಗಸ್ಟ್‌ನಲ್ಲಿ ಆರಂಭಿಸಿದ ‘ಹಾಕ್‌ಐ’ ಸರಣಿಯ ಮೊದಲ ಐದು ಸಂಚಿಕೆಗಳು ಅದರಲ್ಲಿವೆ. ಐದನ್ನೂ ಬರೆದವರು ಮ್ಯಾಟ್ ಫ್ರ್ಯಾಕ್ಷನ್. ಆದರೆ ಮೊದಲ ಮೂರಕ್ಕೆ ಚಿತ್ರ ಬರೆದವರು ಡೇವಿಡ್ ಆಜಾ, ನಾಲ್ಕು ಮತ್ತು ಐದಕ್ಕೆ ಹಾವಿಯೇರ್ ಪುಲಿಡೊ. ಕೊನೆಯಲ್ಲಿರುವುದು ಇವುಗಳಿಗಿಂತ ನಾಲ್ಕು ವರ್ಷ ಹಳೆಯದಾದ, 2008ರಲ್ಲಿ ‘ಯಂಗ್ ಅವೆಂಜರ್ಸ್ ಪ್ರೆಸೆಂಟ್ಸ್’ ಎಂಬ ಬೇರೊಂದು ಸರಣಿಯ ಆರನೆಯ ಸಂಚಿಕೆಯಾಗಿ ಬಂದ ಕಥೆ. ಅದನ್ನೂ ಫ್ರ್ಯಾಕ್ಷನ್ ಅವರೇ ಬರೆದಿದ್ದಾರೆ, ಚಿತ್ರ ಅಲನ್ ಡೇವಿಸ್ ಅವರದು. ಕ್ಲಿಂಟ್ ಬಾರ್ಟನ್ ಮತ್ತು ಕೇಟ್ ಬಿಷಪ್ ಎಂಬ ಇಬ್ಬರು ‘ಹಾಕ್‌ಐ’ಗಳ ನಡುವೆ ಆ ಬಿಲ್ಲು ಯಾರದ್ದು, ಆ ಹೆಸರು ಯಾರದ್ದು ಎಂಬ ಜಗಳ ಅದರ ವಸ್ತು. ಸಂಪುಟದ ಪುಟಸಂಖ್ಯೆ ತುಂಬಿಸಲಿಕ್ಕೂ ಆಯಿತು, ಇಬ್ಬರ ಹಿನ್ನೆಲೆ ತಿಳಿಸಲಿಕ್ಕೂ ಆಯಿತು ಎಂದು ಅದನ್ನು ಸೇರಿಸಿದಂತಿದೆ. ಸೇರಿಸಿದ ಜಾಗ ಮಾತ್ರ ಸರಿಯಿಲ್ಲ. ಐದು ಸಂಚಿಕೆಗಳಲ್ಲಿ ಸ್ನೇಹಿತರಾಗಿ ಕಂಡವರು ಆರನೆಯದರಲ್ಲಿ ಅಪರಿಚಿತರಂತೆ ಜಗಳವಾಡುತ್ತಾರೆ, ಕ್ಲಿಂಟ್ ರೋನಿನ್ ಎಂಬ ಬೇರೆ ವೇಷದಲ್ಲಿ ಬರುತ್ತಾನೆ, ಇದು ಹಿಂದಿನ ಕಥೆಯೆಂದು ಗೊತ್ತಿಲ್ಲದವರು ಪುಸ್ತಕ ಮುಚ್ಚುವಾಗ ಮುಖ ಗಂಟಿಕ್ಕುವುದು ಸಹಜ.

ಇಲ್ಲಿಂದಲೇ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಈ ಕೃತಿಯ ಬಗ್ಗೆ ಓದುಗರ ಅಭಿಪ್ರಾಯಗಳನ್ನು ಹಲವು ವರ್ಷಗಳಿಂದ ಆಸಕ್ತಿಯಿಂದ ಗಮನಿಸಿದ ಮೇಲೆ ನನಗೆ ಖಚಿತವಾದದ್ದು ಇದು: ಜಗಳವಾಡುತ್ತಿರುವವರು ಬಹುಪಾಲು ಒಂದೇ ಪುಸ್ತಕವನ್ನು ಓದಿದವರಲ್ಲ. ಸಂಚಿಕೆ ಬಂದ ಹಾಗೆಲ್ಲ ಇಪ್ಪತ್ತು ಪುಟ ಓದಿ ಮುಂದಿನದಕ್ಕೆ ಕಾದವರ ಅನುಭವ ಒಂದು, ನಾಲ್ಕು ತೆಳು ಸಂಪುಟಗಳನ್ನು ಅಂಕೆಯ ಪ್ರಕಾರ ಓದಿದವರದು ಇನ್ನೊಂದು, 2015ರಲ್ಲಿ ಬಂದ ಒಂದೇ ದಪ್ಪ ಸಂಪುಟದಲ್ಲಿ ಎಲ್ಲವನ್ನೂ ಓದಿದವರದು ಮತ್ತೊಂದು. ಕಥೆಯ ಮೇಲೆ ಹೊರಿಸಲಾಗುವ ದೂರುಗಳಲ್ಲಿ ಅರ್ಧದಷ್ಟು ನಿಜವಾಗಿ ಸಲ್ಲಬೇಕಾದದ್ದು ಅದನ್ನು ಕಟ್ಟಿ ಹೊಲಿದ ಕ್ರಮಕ್ಕೆ. ಉಳಿದರ್ಧ ಕೃತಿಗೇ ಸಲ್ಲುತ್ತದೆ, ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಹಿಂದಿನದೆಲ್ಲ ಗೊತ್ತಿರಬೇಕೆ ಎಂಬ ಅಳುಕು ಹೊಸ ಓದುಗರಲ್ಲಿ ಇರುತ್ತದೆ. ಈ ಪಾತ್ರ ಸ್ಟ್ಯಾನ್ ಲೀ ಮತ್ತು ಡಾನ್ ಹೆಕ್ ಅವರ ಕೈಯಲ್ಲಿ 1964ರಲ್ಲಿ ಐರನ್ ಮ್ಯಾನ್‌ನ ಎದುರಾಳಿಯಾಗಿ ಹುಟ್ಟಿತು, ಮರುವರ್ಷವೇ ಅವೆಂಜರ್ಸ್ ತಂಡಕ್ಕೆ ಸೇರಿತು. ಕೇಟ್ ಬಂದದ್ದು 2005ರಲ್ಲಿ. ಇಷ್ಟು ಸಾಕು. ಆದರೆ ಸಿನಿಮಾದಲ್ಲಿ ನೋಡಿದ್ದನ್ನು ಪಕ್ಕಕ್ಕಿಡಬೇಕು. ಅಲ್ಲಿಯ ಕ್ಲಿಂಟ್ ಹೆಂಡತಿ ಮಕ್ಕಳೊಂದಿಗೆ ಹೊಲಮನೆಯಲ್ಲಿರುವ ಗೃಹಸ್ಥ. ಇಲ್ಲಿಯವನು ವಿಚ್ಛೇದಿತ, ಒಂಟಿ, ಮನೆ ಅಸ್ತವ್ಯಸ್ತ, ಮೈತುಂಬ ಪ್ಲಾಸ್ಟರು. ಸಿನಿಮಾದಿಂದ ಬಂದ ಓದುಗರಲ್ಲಿ ಕೆಲವರು ‘ಇವನು ನಮ್ಮ ಹಾಕ್‌ಐ ಅಲ್ಲ’ ಎಂದು ಬೇಸರಪಟ್ಟುಕೊಳ್ಳುತ್ತಾರೆ. ಆ ಬೇಸರ ಪ್ರಾಮಾಣಿಕವೇ, ಆದರೆ ಅದರಿಂದ ಈ ಪುಸ್ತಕದ ಗುಣದೋಷ ತಿಳಿಯುವುದಿಲ್ಲ.

‘ತಲೆಬುಡವಿಲ್ಲ’ ಎಂಬ ದೂರನ್ನು ತೆಗೆದುಕೊಳ್ಳೋಣ. ಮೊದಲ ಸಂಚಿಕೆಯನ್ನು ಇನ್ನೊಮ್ಮೆ ತೆರೆಯಿರಿ. ಕ್ಲಿಂಟ್ ಎತ್ತರದ ಕಟ್ಟಡದಿಂದ ಬೀಳುತ್ತಾನೆ, ಮೂಳೆ ಮುರಿದು ಆರು ವಾರ ಆಸ್ಪತ್ರೆಯಲ್ಲಿರುತ್ತಾನೆ. ಬೇರೆ ಯಾವ ಸೂಪರ್‌ಹೀರೊ ಕಥೆಯಲ್ಲಾದರೂ ಆ ಬೀಳುವಿಕೆಗೆ ಕಾರಣವಾದ ಕಾಳಗವೇ ಕಥೆಯಾಗುತ್ತಿತ್ತು. ಇಲ್ಲಿ ಕಥೆ ಆರಂಭವಾಗುವುದೇ ಅವನು ಮನೆಗೆ ಮರಳಿದ ಮೇಲೆ. ಬ್ರೂಕ್ಲಿನ್‌ನ ಬೆಡ್‌ಫರ್ಡ್-ಸ್ಟೈವೆಸೆಂಟ್ ಬಡಾವಣೆಯ ಹಳೆಯ ವಠಾರ, ಬಾಡಿಗೆದಾರರನ್ನು ಎಬ್ಬಿಸಲೆಂದು ಬಾಡಿಗೆಯನ್ನು ಮೂರು ಪಟ್ಟು ಏರಿಸುವ ಮಾಲೀಕ, ಅವನ ಕಡೆಯ ಟ್ರ್ಯಾಕ್‌ಸೂಟ್ ಧರಿಸಿದ ಪುಂಡರು, ಪಿಜ್ಜಾ ಕೊಟ್ಟವನನ್ನು ನಂಬಿದ ಒಂದು ನಾಯಿ. ಆ ನಾಯಿಯನ್ನು ರಕ್ತ ಸುರಿಯುತ್ತಿರುವಾಗ ಪಶುವೈದ್ಯರ ಬಳಿಗೆ ಎತ್ತಿಕೊಂಡು ಓಡುವ ರಾತ್ರಿಯನ್ನು ಲೇಖಕರು ನಡುನಡುವೆ ತುಂಡು ತುಂಡಾಗಿ ಇಡುತ್ತಾರೆ, ಹಿಂದಿನ ದಿನಗಳ ಘಟನೆಗಳು ಅದರ ಸಂದಿಯಲ್ಲಿ ಬರುತ್ತವೆ. ಕಾಲದ ಈ ಕತ್ತರಿಸುವಿಕೆ ಸುಮ್ಮನೆ ಚಮತ್ಕಾರಕ್ಕಲ್ಲ. ನಾಯಿ ಬದುಕುತ್ತದೆಯೋ ಇಲ್ಲವೋ ಎಂಬ ಆತಂಕ ಇಡೀ ಸಂಚಿಕೆಯ ಉದ್ದಕ್ಕೂ ಹೆದೆಯಂತೆ ಬಿಗಿಯಾಗಿರುವುದು ಅದರಿಂದಲೇ. ಅಮರ ಚಿತ್ರ ಕಥೆಯಲ್ಲಿ ಪ್ರತಿ ಚೌಕಟ್ಟಿನ ನೆತ್ತಿಯ ಮೇಲೆ ‘ಮರುದಿನ’, ‘ಇತ್ತ ಅರಮನೆಯಲ್ಲಿ’ ಎಂದು ಕೈಹಿಡಿದು ನಡೆಸುವ ಸಾಲು ಇರುತ್ತಿತ್ತು. ಇಲ್ಲಿ ಬಹಳ ಕಡೆ ಆ ಕೈ ಇಲ್ಲ. ನಾಯಿಯ ಮೈಮೇಲಿನ ಗಾಯ, ಕ್ಲಿಂಟ್‌ನ ಮೂಗಿನ ಮೇಲಿನ ಪಟ್ಟಿ, ಹೊರಗಿನ ಮಳೆ ಇವುಗಳನ್ನು ನೋಡಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಓದುಗನೇ ಜೋಡಿಸಿಕೊಳ್ಳಬೇಕು. ವೇಗವಾಗಿ ಪುಟ ತಿರುಗಿಸುವವರು ಎಡವುವುದು ಇಲ್ಲೇ, ನಿಧಾನವಾಗಿ ನೋಡುವವರು ಮಾರುಹೋಗುವುದೂ ಇಲ್ಲೇ.

ಆಜಾ ಅವರ ಚಿತ್ರಗಳ ಬಗ್ಗೆ ಓದುಗರಲ್ಲಿ ಅಷ್ಟೇನೂ ಭಿನ್ನಮತವಿಲ್ಲ. ಅಮೆರಿಕದಲ್ಲಿ ಕಾಮಿಕ್ಸ್‌ಗೆಂದೇ ಕೊಡುವ ಐಸ್ನರ್ ಪ್ರಶಸ್ತಿಗಳಲ್ಲಿ 2013ರಲ್ಲಿ ಚಿತ್ರಕಲೆಗೂ ಮುಖಪುಟಕ್ಕೂ ಅವರಿಗೆ ಗೌರವ ಸಂದಿತು. ಅವರು ಪುಟವನ್ನು ಸಣ್ಣ ಸಣ್ಣ ಚೌಕಟ್ಟುಗಳಾಗಿ ಒಡೆಯುತ್ತಾರೆ, ಒಂದೊಂದರಲ್ಲಿ ಒಂದು ಕೈ, ಒಂದು ಬೀಗದ ಕೈ, ಒಂದು ಕಣ್ಣು. ಬಣ್ಣ ಹಾಕಿದ ಮ್ಯಾಟ್ ಹಾಲಿಂಗ್ಸ್‌ವರ್ತ್ ಅವರ ಹೆಸರನ್ನು ಅನೇಕರು ಮರೆಯುತ್ತಾರೆ, ಅದು ಅನ್ಯಾಯ. ಒಂದು ದೃಶ್ಯಕ್ಕೆ ಕೆಲವೇ ಬಣ್ಣಗಳು, ಅವುಗಳಲ್ಲಿ ನೇರಳೆಗೆ ಅಗ್ರಸ್ಥಾನ ಎಂಬ ಅವರ ಸಂಯಮ ಇಲ್ಲದಿದ್ದರೆ ಅಷ್ಟು ಚೌಕಟ್ಟುಗಳ ಪುಟ ಕಣ್ಣಿಗೆ ಸಂತೆಯಂತೆ ಕಾಣುತ್ತಿತ್ತು. ಪುಲಿಡೊ ಅವರ ಎರಡು ಸಂಚಿಕೆಗಳನ್ನು ಬಹಳ ಜನ ಜರಿಯುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಗುಟ್ಟಿನ ವಿಡಿಯೊ ಟೇಪಿಗಾಗಿ ಮಡ್ರಿಪೂರ್ ಎಂಬ ಕಲ್ಪಿತ ದ್ವೀಪದಲ್ಲಿ ನಡೆಯುವ ಹರಾಜಿನ ಆ ಕಥೆ ಹಳೆಯ ಗೂಢಚಾರ ಕಥೆಗಳ ಜಾತಿಯದು. ಅದಕ್ಕೆ ದಪ್ಪ ಗೆರೆಯ, ಸಮತಟ್ಟಾದ ಅವರ ಶೈಲಿ ಹೊಂದುತ್ತದೆ. ಮೊದಲ ಮೂರರ ಬೆನ್ನಿಗೇ ಬಂದದ್ದರಿಂದ ಅದಕ್ಕೆ ನ್ಯಾಯ ಸಿಗಲಿಲ್ಲ. ಆದರೆ ವಠಾರದ ಕಥೆ ಹೊತ್ತಿಸಿದ ಕುತೂಹಲವನ್ನು ಅರ್ಧಕ್ಕೇ ಬಿಟ್ಟು ದ್ವೀಪಕ್ಕೆ ಹಾರುವುದು ಕಥನದ ದೃಷ್ಟಿಯಿಂದ ಒಂದು ಹಿನ್ನಡೆ ಎಂಬ ಮಾತನ್ನು ಅಲ್ಲಗಳೆಯಲಾರೆ.

ನಿಮಗೆ ಹಿಡಿಸಿದ ಮೂರನೆಯ ಸಂಚಿಕೆಯ ಕುರಿತು ಒಂದು ಮಾತು. ಬತ್ತಳಿಕೆಯ ವಿಶೇಷ ಬಾಣಗಳಿಗೆ ಹೆಸರಿನ ಚೀಟಿ ಅಂಟಿಸಬೇಕೆಂದು ಕ್ಲಿಂಟ್ ಟೇಪು ತರಲು ಹೋಗಿ ಕಾರು ಬೆನ್ನಟ್ಟುವಿಕೆಯಲ್ಲಿ ಸಿಕ್ಕಿಕೊಳ್ಳುತ್ತಾನೆ. ಚೀಟಿಯಿಲ್ಲದ ಬಾಣಗಳಲ್ಲಿ ಯಾವುದು ಕೈಗೆ ಬರುತ್ತದೋ ತಿಳಿಯದೆ ಪರದಾಟ ನಡೆಯುತ್ತದೆ. ಇದು ಮಕ್ಕಳಾಟದಂತಿದೆ ಎಂದು ಗಂಭೀರ ಓದುಗರು ಮೂಗು ಮುರಿದದ್ದುಂಟು. ಆಗ್ನೇಯಾಸ್ತ್ರಕ್ಕೆ ವಾರುಣಾಸ್ತ್ರ, ನಾಗಾಸ್ತ್ರಕ್ಕೆ ಗರುಡಾಸ್ತ್ರ ಎಂದು ಕೇಳಿ ಬೆಳೆದ ನಮಗೆ ಬಾಣಕ್ಕೊಂದು ಗುಣವಿರುವುದು ವಿಚಿತ್ರವೇನಲ್ಲ. ಕೇಟ್ ಗೇಲಿ ಮಾಡಿದ ತಿರುಗಿ ಬರುವ ಬಾಣವೇ ಕೊನೆಗೆ ಕಾಪಾಡುವ ಬಗೆಯನ್ನು ನಾವು ಇನ್ನೂ ಚೆನ್ನಾಗಿ ಸವಿಯಬಲ್ಲೆವು.

ಎರಡನೆಯ ಸಂಪುಟ ‘ಲಿಟಲ್ ಹಿಟ್ಸ್’ ಆರರಿಂದ ಹನ್ನೊಂದರವರೆಗಿನ ಸಂಚಿಕೆಗಳದು. ನನ್ನ ಮಟ್ಟಿಗೆ ನಾಲ್ಕರಲ್ಲಿ ಇದೇ ಮೇಲು. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ಕರಾವಳಿಯನ್ನು ಹೊಡೆದ ಕೆಲವೇ ತಿಂಗಳಲ್ಲಿ ಏಳನೆಯ ಸಂಚಿಕೆ ಆ ಮಳೆನೀರಿನೊಳಗಿನ ಎರಡು ಕಥೆಗಳನ್ನು ಹೇಳಿತು, ಫ್ರ್ಯಾಕ್ಷನ್ ತಮ್ಮ ಪಾಲಿನ ಗೌರವಧನವನ್ನು ಅಮೆರಿಕನ್ ರೆಡ್‌ಕ್ರಾಸ್‌ಗೆ ಕೊಟ್ಟರು. ಎಂಟರಿಂದ ಮುಂದೆ ಕಥೆಯ ರೀತಿ ಬದಲಾಗುತ್ತದೆ. ಅವೇ ಕೆಲವು ದಿನಗಳ ಘಟನೆಗಳನ್ನು ಬೇರೆ ಬೇರೆಯವರ ಕಡೆಯಿಂದ ಮತ್ತೆ ಮತ್ತೆ ನೋಡುತ್ತೇವೆ. ‘ಹೇಳಿದ್ದನ್ನೇ ಹೇಳುತ್ತಾರೆ, ಕಥೆ ಮುಂದೆ ಹೋಗುವುದಿಲ್ಲ’ ಎಂಬ ದೂರು ಹುಟ್ಟಿದ್ದು ಇಲ್ಲಿ. ಸಂಚಿಕೆಯಿಂದ ಸಂಚಿಕೆಗೆ ಕಾದು ಓದಿದವರ ಪಾಲಿಗೆ ಅದು ನ್ಯಾಯವಾದ ದೂರು. ತಿಂಗಳುಗಟ್ಟಲೆ ಕಾದವನಿಗೆ ಅದೇ ರಾತ್ರಿಯನ್ನು ಇನ್ನೊಂದು ಕಿಟಕಿಯಿಂದ ತೋರಿಸಿದರೆ ಸಿಟ್ಟು ಬಾರದಿರುತ್ತದೆಯೆ? ಒಂದೇ ಕೂರಿಕೆಯಲ್ಲಿ ಸಂಪುಟ ಓದುವವರಿಗೆ ಅದೇ ಮರುಕಳಿಕೆ ಗುಣವಾಗುತ್ತದೆ, ಏಕೆಂದರೆ ಮೊದಲ ನೋಟದಲ್ಲಿ ಬಿಟ್ಟುಹೋದ ನೆರಳು ಎರಡನೆಯ ನೋಟದಲ್ಲಿ ಮನುಷ್ಯನಾಗುತ್ತದೆ.

ಹನ್ನೊಂದನೆಯ ಸಂಚಿಕೆಯ ಮಾತು ಬೇರೆ. ಆ ದಿನಗಳನ್ನು ಅದರಲ್ಲಿ ನಾಯಿಯ ಕಡೆಯಿಂದ ಹೇಳಲಾಗಿದೆ. ಮನುಷ್ಯರ ಮಾತಿನ ಗುಳ್ಳೆಗಳಲ್ಲಿ ಬಹುಪಾಲು ಗೀಚು, ನಡುವೆ ನಾಯಿಗೆ ಅರ್ಥವಾಗುವ ಒಂದೆರಡು ಪದ. ಒಬ್ಬೊಬ್ಬರ ಸುತ್ತಲೂ ಸಣ್ಣ ಸಂಕೇತ ಚಿತ್ರಗಳು ನಕ್ಷೆಯಂತೆ ಹರಡಿವೆ: ಇವರ ಮೈಯಲ್ಲಿ ಕಾಫಿಯ ವಾಸನೆ, ಇವರು ಇಂಥ ಮನೆಯವರು, ಇವರಿಗೂ ಅವರಿಗೂ ಇಂಥ ನಂಟು. ನಾಯಿ ಮೂಗಿನಿಂದ ಲೋಕವನ್ನು ಓದುವ ಬಗೆಯನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದಾರೆ. ಇದಕ್ಕೆ 2014ರಲ್ಲಿ ಶ್ರೇಷ್ಠ ಬಿಡಿ ಸಂಚಿಕೆಯೆಂದು ಐಸ್ನರ್ ಪ್ರಶಸ್ತಿ ಬಂತು. ಪ್ರಶಸ್ತಿಯ ಹೆಸರು ಕೇಳಿ ಇದೊಂದನ್ನೇ ಹುಡುಕಿ ಓದುವವರಿದ್ದಾರೆ, ಹಾಗೆ ಮಾಡಬೇಡಿ. ನಾಯಿಗೆ ಅರ್ಥವಾಗದ್ದು ನಮಗೆ ಅರ್ಥವಾಗಬೇಕಾದರೆ, ಅದು ಮೂಸಿ ನೋಡುವ ದುಃಖ ನಮ್ಮನ್ನು ತಟ್ಟಬೇಕಾದರೆ ಹಿಂದಿನ ಸಂಚಿಕೆಗಳನ್ನು ಓದಿರಬೇಕು.

ಸಂಪುಟಗಳ ಜೋಡಣೆಯಿಂದ ಆದ ದೊಡ್ಡ ಹಾನಿ ಇದರ ನಂತರದ್ದು. ಹನ್ನೊಂದರ ಕೊನೆಗೆ ಕೇಟ್ ಲಾಸ್ ಏಂಜಲೀಸ್‌ಗೆ ಹೊರಡುತ್ತಾಳೆ. ಅಲ್ಲಿಂದ ಸರಣಿ ಒಂದು ಸಂಚಿಕೆ ಕ್ಲಿಂಟ್‌ಗೆ, ಒಂದು ಕೇಟ್‌ಗೆ ಎಂದು ಸರಿಸುಮಾರು ಸರದಿಯಲ್ಲಿ ನಡೆಯಿತು. ಬ್ರೂಕ್ಲಿನ್‌ನ ಚಳಿಯ ನಂತರ ಕ್ಯಾಲಿಫೋರ್ನಿಯಾದ ಬಿಸಿಲು, ಮುಳುಗುತ್ತಿರುವ ಅವನ ನಂತರ ಈಜಲು ಕಲಿಯುತ್ತಿರುವ ಅವಳು. ಸಂಪುಟ ಮಾಡುವಾಗ ಈ ಜಡೆಯನ್ನು ಬಿಚ್ಚಿ ಎರಡು ಎಳೆಯಾಗಿ ಕಟ್ಟಿದರು. 14, 16, 18, 20ನೆಯ ಸಂಚಿಕೆಗಳು ಮತ್ತು ವಾರ್ಷಿಕ ವಿಶೇಷಾಂಕ ಸೇರಿ ಮೂರನೆಯ ಸಂಪುಟ ‘ಎಲ್.ಎ. ವುಮನ್’ ಆಯಿತು. 12, 13, 15, 17, 19, 21, 22 ಸೇರಿ ನಾಲ್ಕನೆಯ ಸಂಪುಟ ‘ರಿಯೊ ಬ್ರಾವೊ’ ಆಯಿತು. ಎರಡನೆಯ ಸಂಪುಟ ಮುಗಿಸಿ ಮುಂದಕ್ಕೆ ಕೈಹಾಕಿದ ಓದುಗನಿಗೆ ವಠಾರದಲ್ಲಿ ಆಮೇಲೆ ಏನಾಯಿತು ಎಂಬ ಪ್ರಶ್ನೆಗೆ ಇಡೀ ಒಂದು ಸಂಪುಟದಲ್ಲಿ ಉತ್ತರವಿಲ್ಲ. ‘ಮೂರನೆಯದು ದುರ್ಬಲ, ನಾಲ್ಕನೆಯದು ಕತ್ತಲೆ’ ಎಂದು ಇಂದು ಬಹುತೇಕ ಸಿದ್ಧವಾಕ್ಯದಂತೆ ಕೇಳಿಬರುವ ಅಭಿಪ್ರಾಯಕ್ಕೆ ಮುಖ್ಯ ಕಾರಣ ಇದೇ. ಬೆಳಕನ್ನೆಲ್ಲ ಒಂದು ಕಡೆಗೂ ಕತ್ತಲೆಯನ್ನೆಲ್ಲ ಇನ್ನೊಂದು ಕಡೆಗೂ ಸೋಸಿ ಇಟ್ಟರೆ ಎರಡೂ ರುಚಿ ಕೆಡುತ್ತವೆ.

ಪ್ರಕಟಣೆಯಲ್ಲೂ ಎಡವಟ್ಟುಗಳಾದವು. ಹದಿನಾರನೆಯ ಸಂಚಿಕೆ ಹದಿನೈದಕ್ಕಿಂತ ಮೊದಲೇ ಅಂಗಡಿಗೆ ಬಂತು. 22 ಸಂಚಿಕೆಗಳು ಮುಗಿಯಲು ಹೆಚ್ಚುಕಡಿಮೆ ಮೂರು ವರ್ಷ ಹಿಡಿಯಿತು. ಕೊನೆಯ ಸಂಚಿಕೆ 2015ರ ಜುಲೈನಲ್ಲಿ ಬರುವ ಹೊತ್ತಿಗೆ ಜೆಫ್ ಲೆಮೀರ್ ಬರೆದ ಮುಂದಿನ ‘ಹಾಕ್‌ಐ’ ಸರಣಿ ಆಗಲೇ ಶುರುವಾಗಿ ತಿಂಗಳುಗಳಾಗಿದ್ದವು. ಕಾದವರ ಕಹಿ ಅವರ ಬರಹಗಳಲ್ಲಿ ಉಳಿದುಕೊಂಡಿದೆ. ಇಂದು ಓದುವ ನಿಮಗೆ ಆ ಕಹಿ ಸಂಬಂಧಿಸಿದ್ದಲ್ಲ, ಆದ್ದರಿಂದ ಆ ವರ್ಷಗಳಲ್ಲಿ ಬರೆದ ಅಭಿಪ್ರಾಯವಾದರೆ ಅದರಿಂದ ವಿಳಂಬದ ಸಿಟ್ಟನ್ನು ಕಳೆದು ಓದಿಕೊಳ್ಳಿ.

ಇನ್ನು ಕೃತಿಗೇ ಸಲ್ಲಬೇಕಾದ ದೂರುಗಳು. ಟ್ರ್ಯಾಕ್‌ಸೂಟಿನ ಪುಂಡರು ಪೂರ್ವ ಯುರೋಪಿನ ವಲಸಿಗರ ಏಕರೂಪದ ಅಣಕು. ಮಾತಿಗೊಮ್ಮೆ ‘ಬ್ರೋ’ ಎನ್ನುವ ಅವರ ಮಾತು ಮೊದಲು ನಗು ತರಿಸಿದರೂ ಅವರಲ್ಲಿ ಒಬ್ಬನೂ ಪೂರ್ಣ ಮನುಷ್ಯನಾಗಿ ಕಾಣುವುದಿಲ್ಲ. ಒಂಬತ್ತನೆಯ ಸಂಚಿಕೆಯಲ್ಲಿ ಕ್ಲಿಂಟ್‌ನ ಬದುಕಿನ ಹೆಂಗಸರನ್ನು ಮಾಜಿ ಹೆಂಡತಿ, ಕೆಲಸದ ಜಾಗದ ಹೆಂಡತಿ, ಗೆಳತಿ ಎಂದು ಹಣೆಪಟ್ಟಿ ಹಚ್ಚಿ ಸಾಲಾಗಿ ನಿಲ್ಲಿಸಿದ್ದಾರೆ. ಅವರು ಮಾರ್ವೆಲ್ ಲೋಕದಲ್ಲಿ ತಮ್ಮದೇ ಕಥೆಗಳುಳ್ಳ ವೀರರು, ಇಲ್ಲಿ ಅವನ ಸೋಲನ್ನು ಎತ್ತಿ ತೋರಿಸುವ ಕನ್ನಡಿಗಳಾಗಿಬಿಟ್ಟಿದ್ದಾರೆ ಎಂದು ಅನೇಕ ಓದುಗಿಯರು ಎತ್ತಿದ ಆಕ್ಷೇಪ ನನಗೂ ಸರಿಯೆನಿಸುತ್ತದೆ. ಆ ಹಣೆಪಟ್ಟಿಗಳು ಕ್ಲಿಂಟ್‌ನ ಸಣ್ಣತನವನ್ನು ತೋರಿಸಲಿಕ್ಕೇ ಇವೆ ಎಂಬ ಸಮರ್ಥನೆಯುಂಟು, ಅದು ಅರ್ಧ ಮಾತ್ರ ಒಪ್ಪುವಂಥದು. ಬಹುಪಾಲು ಆನಿ ವೂ ಅವರ ಲವಲವಿಕೆಯ ಗೆರೆಗಳಲ್ಲಿ ಕೇಟ್ ತಾನೇ ಪತ್ತೇದಾರಿಣಿಯಾಗಿ ಹಣವಿಲ್ಲದೆ, ಮನೆಯಿಲ್ಲದೆ ಹೆಣಗುವ ಮೂರನೆಯ ಸಂಪುಟವನ್ನು ಈ ಕೊರತೆಗೆ ಪರಿಹಾರವೆಂಬಂತೆ ಓದಬಹುದು, ಆದರೆ ಅದರ ಖಳನಾಯಕಿಯ ಸಂಚು ಸಡಿಲವಾಗಿದೆ ಎಂಬುದನ್ನೂ ಹೇಳಲೇಬೇಕು.

ನಾಲ್ಕನೆಯ ಸಂಪುಟದಲ್ಲಿರುವ ಹತ್ತೊಂಬತ್ತನೆಯ ಸಂಚಿಕೆಯಷ್ಟು ತಪ್ಪು ತಿಳಿಯಲ್ಪಟ್ಟದ್ದು ಇನ್ನೊಂದಿಲ್ಲ. ದಾಳಿಯೊಂದರಲ್ಲಿ ಕ್ಲಿಂಟ್‌ನ ಕಿವಿಗಳಿಗೆ ಏಟಾಗಿ ಅವನಿಗೆ ಏನೂ ಕೇಳಿಸುವುದಿಲ್ಲ. ಇದು ಪಾತ್ರಕ್ಕೆ ಹೊಸತಲ್ಲ, 1983ರಲ್ಲಿ ಮಾರ್ಕ್ ಗ್ರುನ್‌ವಾಲ್ಡ್ ಅವರ ಕಿರುಸರಣಿಯಲ್ಲಿಯೇ ಅವನು ಶಬ್ದಬಾಣವೊಂದನ್ನು ಬಾಯಲ್ಲಿ ಕಚ್ಚಿ ಸ್ಫೋಟಿಸಿಕೊಂಡು ಕಿವುಡನಾಗಿದ್ದ. ಇಲ್ಲಿ ಅಣ್ಣ ಬಾರ್ನಿ ಅವನೊಂದಿಗೆ ಅಮೆರಿಕನ್ ಸನ್ನೆ ಭಾಷೆಯಲ್ಲಿ ಮಾತಾಡುತ್ತಾನೆ. ಆಜಾ ಆ ಕೈಸನ್ನೆಗಳನ್ನು ಕಲಿಕೆಯ ಕೈಪಿಡಿಯ ಚಿತ್ರಗಳಂತೆ ಸ್ಪಷ್ಟವಾಗಿ ಬರೆದಿದ್ದಾರೆ, ಅನುವಾದ ಕೊಟ್ಟಿಲ್ಲ. ಸುತ್ತಲಿನವರು ಬಾಯಿ ಆಡಿಸುವಾಗ ಮಾತಿನ ಗುಳ್ಳೆಗಳು ಖಾಲಿ. ‘ಅರ್ಥವೇ ಆಗಲಿಲ್ಲ, ದುಡ್ಡು ದಂಡ’ ಎಂದವರಿದ್ದಾರೆ. ಕೇಳಿಸದವನು ದಿನದಿನವೂ ಅನುಭವಿಸುವ ಹೊರಗುಳಿಯುವಿಕೆಯನ್ನು ಇಪ್ಪತ್ತು ಪುಟಗಳ ಮಟ್ಟಿಗೆ ಕೇಳಿಸುವವರ ಪಾಲಿಗೂ ಕೊಟ್ಟಿದ್ದಾರೆ ಎಂದು ನಾನು ಅದನ್ನು ಓದುತ್ತೇನೆ. ಆ ಸನ್ನೆಗಳನ್ನು ಬಲ್ಲ ಓದುಗರಿಗೆ ಈ ಸಂಚಿಕೆ ಉಳಿದವರಿಗಿಂತ ಹೆಚ್ಚು ಹೇಳುತ್ತದೆ. ಸೂಪರ್‌ಹೀರೊ ಕಾಮಿಕ್ಸ್‌ನಲ್ಲಿ ಅಂಥ ಅವಕಾಶ ಅವರಿಗೆ ಬಹಳ ಅಪರೂಪ. ನಮ್ಮಲ್ಲಿ ಬಳಕೆಯಲ್ಲಿರುವ ಭಾರತೀಯ ಸನ್ನೆ ಭಾಷೆ ಬೇರೆಯದೇ ಭಾಷೆ. ಅದರ ಅಕ್ಷರಸನ್ನೆಗಳಿಗೆ ಎರಡು ಕೈ ಬೇಕು, ಅಮೆರಿಕದ್ದಕ್ಕೆ ಒಂದೇ ಕೈ ಸಾಕು. ಹಾಗಾಗಿ ಇಲ್ಲಿಯ ಸನ್ನೆ ಬಲ್ಲವರಿಗೂ ಈ ಪುಟಗಳು ನೇರವಾಗಿ ತೆರೆದುಕೊಳ್ಳುವುದಿಲ್ಲ. ಹಾಗಿದ್ದರೂ ಅಣ್ಣತಮ್ಮಂದಿರ ನಡುವೆ ಏನು ನಡೆಯುತ್ತಿದೆ ಎಂಬುದು ಮುಖಗಳಿಂದಲೇ ತಿಳಿಯುತ್ತದೆ.

ಮುಂದಿನ ಸಂಪುಟಗಳನ್ನು ಕೊಳ್ಳಬಹುದೆ ಎಂದು ಕೇಳಿದಿರಿ. ಖಂಡಿತ ಕೊಳ್ಳಿ, ಆದರೆ ಅಂಕೆಯ ಪ್ರಕಾರ ಓದಬೇಡಿ. ಎರಡನೆಯದನ್ನು ಮುಗಿಸಿದೊಡನೆ ನಾಲ್ಕನೆಯದನ್ನು ತೆರೆದು ಅದರ ಮೊದಲ ಎರಡು ಸಂಚಿಕೆಗಳನ್ನು, ಎಂದರೆ 12 ಮತ್ತು 13ನ್ನು ಓದಿ ನಿಲ್ಲಿಸಿ. ಎರಡನೆಯ ಸಂಪುಟ ಎಬ್ಬಿಸಿದ ನೋವಿಗೆ ಅಲ್ಲಿ ಮುಂದುವರಿಕೆ ಸಿಗುತ್ತದೆ. ಆಮೇಲೆ ಮೂರನೆಯ ಸಂಪುಟವನ್ನು ಪೂರ್ತಿ ಓದಿ, ಕೊನೆಗೆ ನಾಲ್ಕರ ಉಳಿದ ಭಾಗಕ್ಕೆ ಮರಳಿ. ಕೇಟ್‌ಳ ಕಥೆ ಎಲ್ಲಿ ನಿಲ್ಲುತ್ತದೋ ಅಲ್ಲಿಂದ 21 ಮತ್ತು 22ರ ಮುತ್ತಿಗೆಗೆ ದಾರಿ ಸರಿಯಾಗಿ ಕೂಡುತ್ತದೆ. ನಡುವೆ ಹದಿನೇಳನೆಯದು ಪುಟ್ಟ ಮಕ್ಕಳ ಕಾರ್ಟೂನಿನಂತೆ ಬಂದರೆ ಗಾಬರಿಯಾಗಬೇಡಿ, ಅದೂ ಇದೇ ಕಥೆಯ ಭಾಗ. ನಿಮ್ಮ ಮೊದಲ ಸಂಪುಟದ ಹಿಂಬದಿಯ ಆ 2008ರ ಕಥೆಯನ್ನು ಎಲ್ಲ ಮುಗಿದ ಮೇಲೆ, ಇಬ್ಬರ ಮೊದಲಿನ ಮುಖ ನೋಡುವ ಆಸೆಯಾದಾಗ ಮತ್ತೊಮ್ಮೆ ಓದಿ. ಆಗ ಅದು ಹೊರಗಿನದೆಂದು ಅನ್ನಿಸುವುದಿಲ್ಲ.

ಮಗನ ವಿಷಯ. ಮೂರನೆಯ ಸಂಚಿಕೆಯಲ್ಲಿ ಹಾಸಿಗೆಯ ಸನ್ನಿವೇಶವೊಂದಿದೆ, ಬತ್ತಲೆ ಕ್ಲಿಂಟ್‌ನ ಮೈಯನ್ನು ಹಳೆಯ ಹಾಕ್‌ಐ ಮುಖವಾಡದ ಪುಟ್ಟ ಚಿತ್ರದಿಂದ ಮುಚ್ಚಿದ್ದಾರೆ. ಹೊಡೆದಾಟವುಂಟು, ರಕ್ತವುಂಟು, ಮುಂದೆ ಒಂದು ಕೊಲೆ ಮನಸ್ಸನ್ನು ಕಲಕುತ್ತದೆ. ಬೈಗುಳಗಳನ್ನು ಬಹುಪಾಲು ಚಿಹ್ನೆಗಳಿಂದ ಮರೆಮಾಡಿದ್ದಾರೆ. ಹದಿನಾಲ್ಕರ ಹುಡುಗನಿಗೆ ಕೊಡಲು ನಾನು ಹಿಂಜರಿಯುವುದಿಲ್ಲ. ಅವನು ಓದುವ ಮೊದಲು ಹನ್ನೊಂದನೆಯ ಸಂಚಿಕೆಯನ್ನು ನೀವು ಓದಿಕೊಂಡಿರಿ, ಆ ನಾಯಿಯ ಬಗ್ಗೆ ಅವನು ನಿಮ್ಮ ಹತ್ತಿರ ಮಾತಾಡಲು ಬಂದೇ ಬರುತ್ತಾನೆ.